ಒಂದು ಸಿಲಿಂಡರ್, ನಾಲ್ಕು ಬಕೆಟ್ ಬಿಸಿನೀರು

ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಬರೆಯೋಕೆ ಸ್ವಲ್ಪ ನಾಚಿಕೆ ಇತ್ತು, ಅದಕ್ಕೇ ತಡವಾಯ್ತು. ವಿಷಯ ಏನೂ ದೊಡ್ಡದಲ್ಲ. ಅಡುಗೆಮನೇಲಿ ನೀರು ಕಾಸೋದು. ನಗಬೇಡಿ :-) ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಓದಿ, ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನನಗೆ ನೀರು ಕಾಸೋದು ಅಂದ್ರೆ ಏನು ಅಂತ ತಿಳಿಯೋಕೆ ಒಂದು ಇಡೀ ಚಳಿಗಾಲ ಬೇಕಾಯ್ತು.

ನಮ್ಮೂರು ಬೀದರ. ಹೊರಗಿನವರಿಗೆ ಬೀದರ ಅಂದ್ರೆ ಬಿಸಿಲು, ಕೋಟೆ, ಬಿದರಿ ಸಾಮಾನು ಅಷ್ಟೇ. ಆದ್ರೆ ಊರು ಇರೋದು ಸಮುದ್ರಮಟ್ಟಕ್ಕಿಂತ 2000 ಅಡಿಗೂ ಹೆಚ್ಚು ಎತ್ತರದ ಬಯಲಿನ ಮೇಲೆ. ಡಿಸೆಂಬರ್, ಜನವರಿಯಲ್ಲಿ ಪತ್ರಿಕೆಯ ಹವಾಮಾನ ಕಾಲಂ ನೋಡಿ, ರಾಜ್ಯದ ಅತಿ ಕಡಿಮೆ ತಾಪಮಾನ ಅನ್ನೋ ಸಾಲಿನಲ್ಲಿ ನಮ್ಮೂರಿನ ಹೆಸರು ಮತ್ತೆ ಮತ್ತೆ ಕಾಣುತ್ತೆ. ಬೆಳಿಗ್ಗೆ ಆರಕ್ಕೆ ಮೇಲಿನ ಟ್ಯಾಂಕಿನ ನೀರಿಗೆ ಕೈ ಹಾಕಿದ್ರೆ ಬೆರಳು ಸೆಟೆದುಕೊಳ್ಳುತ್ತೆ.

ನಾನು ಸಣ್ಣವನಿದ್ದಾಗ ಮನೆ ಹಿಂದೆ ತಾಮ್ರದ ಹಂಡೆ ಇತ್ತು. ಅದಕ್ಕೆ ಕಟ್ಟಿಗೆ ಉರಿ. ಆಮೇಲೆ ಮನೆ ಕಟ್ಟಿಸಿದಾಗ ಬಚ್ಚಲು ಒಳಗೆ ಬಂತು, ಹಂಡೆ ಅಟ್ಟ ಸೇರಿತು. ಗೀಸರ್ ಹಾಕಿಸೋಣ, ಮುಂದಿನ ವರ್ಷ, ಮುಂದಿನ ವರ್ಷ ಅಂತ ಹಾಗೇ ಉಳೀತು. ಹೀಗಾಗಿ ಜಳಕದ ನೀರೂ ಅಡುಗೆಮನೆಯ ಗ್ಯಾಸ್ ಮೇಲೆ. ದೊಡ್ಡ ಅಲ್ಯುಮಿನಿಯಂ ಬೋಗುಣಿಯಲ್ಲಿ ನೀರು ಕುದಿಸೋದು, ಬಟ್ಟೆ ಹಿಡಿದು ಎತ್ತಿಕೊಂಡು ಬಚ್ಚಲಿಗೆ ಒಯ್ಯೋದು, ಬಕೆಟ್ಟಿಗೆ ಸುರಿದು ತಣ್ಣೀರು ಬೆರೆಸೋದು. ಮನೇಲಿ ನಾಲ್ಕು ಜನ. ಅಪ್ಪ, ಅವ್ವ, ತಮ್ಮ, ಅಜ್ಜಿ. ನಾಲ್ಕು ಬಕೆಟ್. ಎತ್ತಿಕೊಂಡು ಹೋಗೋದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

2024ರ ಡಿಸೆಂಬರಿನಲ್ಲಿ ಒಂದು ವಾರ ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಊರಿಗೆ ಬಂದಿದ್ದೆ. ಒಂದು ರಾತ್ರಿ ಅಪ್ಪ ಊಟಕ್ಕೆ ಕೂತಾಗ ಅಂದ್ರು: "ಬ್ಯಾಸಗ್ಯಾಗ ಸಿಲಿಂಡರ್ ಎರಡು ತಿಂಗಳ ಬರೋದು, ಈಗ ಇಪ್ಪತ್ತು ದಿನಕ್ಕ ಮುಗೀಲಿಕತ್ತದ. ಗ್ಯಾಸ್ ಎಲ್ಲಿ ಹೋಗ್ತದೋ ಏನೋ." ಹೇಳಿದ್ದು ಗೋಡೆಗೆ, ಆದ್ರೆ ಕೇಳಬೇಕಾದವರಿಗೆ ಕೇಳಿಸಿತು. ಅವ್ವ ಮಾತಾಡಲಿಲ್ಲ. ನನಗೆ ಮಾತ್ರ ಒಳ್ಳೇ ಪ್ರಾಜೆಕ್ಟ್ ಸಿಕ್ಕಿದ ಹಾಗೆ ಆಯ್ತು. "ನಾ ನೋಡ್ತೀನಿ ಬಿಡ್ರಿ" ಅಂದೆ.

ಲಗೇಜ್ ತೂಗೋ ಕೊಕ್ಕೆಯ ಡಿಜಿಟಲ್ ತಕ್ಕಡಿ ನನ್ನ ಹತ್ರ ಇತ್ತು, 50 ಕಿಲೋ ತನಕ ತೂಗುತ್ತೆ. ಸಿಲಿಂಡರಿನ ಮೇಲೆ ಖಾಲಿ ತೂಕ ಎಷ್ಟು ಅಂತ ಬರೆದಿರುತ್ತೆ. ಒಳಗಿನ ಗ್ಯಾಸ್ 14.2 ಕಿಲೋ. ರೆಗ್ಯುಲೇಟರ್ ಬಂದ್ ಮಾಡಿ, ತೆಗೆದು, ಬೆಳಿಗ್ಗೆ ನೀರು ಕಾಸೋ ಮುಂಚೆ ಒಮ್ಮೆ, ಕಾಸಿದ ಮೇಲೆ ಒಮ್ಮೆ, ರಾತ್ರಿ ಒಮ್ಮೆ ತೂಗಿದೆ. ಆರು ದಿನ. ಅವ್ವ ನೋಡಿ ನಕ್ಕಳು, "ಕೂಸಿನ ತೂಕ ಹಿಡದಂಗ ಹಿಡೀಲಿಕತ್ತಾನ ನೋಡು" ಅಂತ.

ಸರಾಸರಿ ಹೀಗೆ ಬಂತು. ಅಡುಗೆ, ಚಹಾ, ಹಾಲು ಎಲ್ಲ ಸೇರಿ ದಿನಕ್ಕೆ ಸುಮಾರು 250 ಗ್ರಾಂ. ಜಳಕದ ನೀರಿಗೆ ಬಕೆಟ್ಟಿಗೆ ಸುಮಾರು 100 ಗ್ರಾಂ, ನಾಲ್ಕು ಬಕೆಟ್ಟಿಗೆ 400. ಒಟ್ಟು 650. 14.2 ಕಿಲೋ ಭಾಗಿಸು 650 ಗ್ರಾಂ, ಸುಮಾರು 22 ದಿನ. ಅಂದ್ರೆ ನಾಲ್ಕು ಜನರ ಅಡುಗೆಗಿಂತ ನಾಲ್ಕು ಜನರ ಜಳಕಕ್ಕೇ ಹೆಚ್ಚು ಗ್ಯಾಸ್! "ಗ್ಯಾಸ್ ಉಳಿಸಿ" ಅನ್ನೋ ಮಾತು ಬಂದಾಗೆಲ್ಲ ನಾವು ಬೇಳೆ ಬೇಯೋದು, ಚಹಾ ಕುದಿಯೋದು ನೋಡ್ತೀವಿ. ದೊಡ್ಡ ತೂತು ಇರೋದು ಬಕೆಟ್ಟಿನಲ್ಲಿ.

ಈಗ ಸ್ವಲ್ಪ ಪಿಯುಸಿ ಫಿಸಿಕ್ಸ್, ಸಹಿಸಿಕೊಳ್ಳಿ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿ ಆಗೋಕೆ ಸುಮಾರು 4.2 ಕಿಲೋಜೌಲ್ ಬೇಕು. ಇದರಲ್ಲಿ ಯಾವ ಕಂಪನಿಯ ಒಲೆಯೂ, ಯಾವ ಮಂತ್ರವೂ ರಿಯಾಯಿತಿ ಕೊಡಿಸಲ್ಲ. ಬೆಳಗಿನ ಟ್ಯಾಂಕ್ ನೀರು 17 ಡಿಗ್ರಿ, ಜಳಕಕ್ಕೆ ಬೇಕಾದದ್ದು 42. ಇಪ್ಪತ್ತು ಲೀಟರ್ ಬಕೆಟ್, 25 ಡಿಗ್ರಿ ಏರಿಕೆ, ಒಟ್ಟು 2100 ಕಿಲೋಜೌಲ್. ಒಂದು ಕಿಲೋ ಗ್ಯಾಸ್ ಉರಿದ್ರೆ ಸುಮಾರು 46,000 ಕಿಲೋಜೌಲ್ ಸಿಗುತ್ತೆ. ಹಾಗಾದ್ರೆ ಒಂದು ಬಕೆಟ್ಟಿಗೆ ನಿಜಕ್ಕೂ ಬೇಕಾದ ಗ್ಯಾಸ್ ಸುಮಾರು 46 ಗ್ರಾಂ. ನಮ್ಮನೇಲಿ ಹೋಗ್ತಿದ್ದದ್ದು 100. ಉಳಿದ 54 ಗ್ರಾಂ ಅಡುಗೆಮನೆಯ ಗಾಳಿ ಕಾಸಿತು, ಕಿಟಕಿಯಿಂದ ಹೊರಗೆ ಹೋಯ್ತು. ಐಎಸ್ಐ ಗುರುತಿನ ಗ್ಯಾಸ್ ಒಲೆ ಪರೀಕ್ಷೆಯಲ್ಲಿ ಕನಿಷ್ಠ 68 ಪರ್ಸೆಂಟ್ ಶಾಖ ನೀರಿಗೆ ಮುಟ್ಟಿಸಬೇಕು ಅಂತ ನಿಯಮ ಇದೆ. ನಮ್ಮದು 46. ತಪ್ಪು ಒಲೆಯದ್ದಲ್ಲ, ನಾವು ಅದನ್ನ ಬಳಸೋ ರೀತಿಯದ್ದು.

ಹೋಗ್ತಾ ಇದ್ದದ್ದು ಎಲ್ಲಿಂದ? ಮೂರು ಕಡೆಯಿಂದ.

ಮೊದಲನೇದು ಮುಚ್ಚಳ. ಬೋಗುಣಿ ಮೇಲೆ ಮುಚ್ಚಳವೇ ಇರ್ತಿರಲಿಲ್ಲ. ಕುದಿಯೋ ನೀರಿನಿಂದ ಬರೀ 100 ಗ್ರಾಂ ಆವಿ ಆಗಿ ಹೋದ್ರೆ ಅದರ ಜೊತೆ ಸುಮಾರು 226 ಕಿಲೋಜೌಲ್ ಹೋಯ್ತು ಅಂತ ಲೆಕ್ಕ. 25 ಡಿಗ್ರಿಯ ಒಂದು ಲೀಟರ್ ನೀರನ್ನ ಕುದಿಯೋ ಹಂತಕ್ಕೆ ತರೋಕೆ ಬೇಕಾದದ್ದೇ 306. ಅಂದ್ರೆ ಒಂದು ಸಣ್ಣ ಲೋಟದಷ್ಟು ಆವಿ, ಮುಕ್ಕಾಲು ಲೀಟರ್ ಬಿಸಿನೀರಿಗೆ ಸಮ!

ಎರಡನೇದು ಕುದಿಸೋ ಚಟ. ಬೀದರದ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತೆ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿ, ನೀರು 99 ಆಗಲ್ಲ. ಆವಿ ಜಾಸ್ತಿ ಆಗುತ್ತೆ ಅಷ್ಟೇ. ಕುಡಿಯೋ ನೀರಿಗೂ ಇದೇ ಮಾತು. ನಮ್ಮ ಕಡೆ "ಹತ್ತು ಹದಿನೈದು ನಿಮಿಷ ಮಳ್ಳಬೇಕು" ಅಂತಾರೆ. ಚೆನ್ನಾಗಿ ಕುದಿ ಬಂದು ಒಂದು ನಿಮಿಷ ಆದ್ರೆ ಸಾಕು, ರೋಗದ ಕ್ರಿಮಿಗಳು ಸಾಯುತ್ತವೆ. ಆಮೇಲಿನ ಹತ್ತು ನಿಮಿಷ ನಡು ಉರಿಯಲ್ಲಿ ಸುಮಾರು 20 ಗ್ರಾಂ ಗ್ಯಾಸ್ ಸುಮ್ಮನೆ ತಿನ್ನುತ್ತೆ. ಇನ್ನು ಜಳಕದ ನೀರಂತೂ, ಒಂದು ಬಕೆಟ್ಟಿಗೆ ಆರು ಲೀಟರ್ ಕುದಿಯೋ ನೀರು ಸಾಕು, ಉಳಿದ ಹದಿನಾಲ್ಕು ತಣ್ಣೀರು. ನಮ್ಮನೇಲಿ ಕುದಿಸ್ತಿದ್ದದ್ದು ಎಂಟು, ಒಂಬತ್ತು ಲೀಟರ್. ಆಮೇಲೆ ಬಿಸಿ ಜಾಸ್ತಿ ಆಯ್ತು ಅಂತ ತಣ್ಣೀರು ಸುರಿದು ಬಕೆಟ್ ತುಂಬಿ ಹರೀತಿತ್ತು. ಜೊತೆಗೆ ಉರಿ. ಬೋಗುಣಿಯ ಅಂಚು ದಾಟಿ ಮೇಲೆ ನೆಕ್ಕೋ ಉರಿ ನೀರಿಗೆ ಕೊಡೋದು ಕಡಿಮೆ, ಗಾಳಿಗೆ ಕೊಡೋದೇ ಹೆಚ್ಚು. ಉರಿ ಪಾತ್ರೆಯ ತಳದೊಳಗೇ ಇರಬೇಕು.

ಮೂರನೇದು ನನಗೆ ತುಂಬಾ ಖುಷಿ ಕೊಟ್ಟದ್ದು, ಯಾಕಂದ್ರೆ ಪುಕ್ಕಟೆ. ಮೇಲಿನ ಟ್ಯಾಂಕ್ ರಾತ್ರಿಯೆಲ್ಲ ಆಕಾಶಕ್ಕೆ ಮೈ ಒಡ್ಡಿಕೊಂಡು ತಣ್ಣಗಾಗಿರುತ್ತೆ. ಹಗಲು ಮಾತ್ರ ನಮ್ಮೂರಿನಲ್ಲಿ ಚಳಿಗಾಲದಲ್ಲೂ ಒಳ್ಳೇ ಬಿಸಿಲು. ಹಿಂದಿನ ದಿನ ಸಂಜೆಯೇ ಬಕೆಟ್, ಕೊಡ ತುಂಬಿ ಮನೆಯೊಳಗೆ ಇಟ್ರೆ ಬೆಳಿಗ್ಗೆ ನೀರು 22 ಡಿಗ್ರಿ ಇರುತ್ತೆ. 25 ಡಿಗ್ರಿ ಏರಿಸೋ ಬದಲು 20. ಐದನೇ ಒಂದು ಭಾಗ ಖರ್ಚು, ಕಡ್ಡಿ ಗೀರೋ ಮುಂಚೆಯೇ ಉಳೀತು.

ಇಷ್ಟನ್ನ ಮಾಡಿ ತೂಗಿದೆ. ಬಕೆಟ್ಟಿಗೆ 63 ಗ್ರಾಂ! 100ರಿಂದ 63ಕ್ಕೆ. ದುಡ್ಡಿನಲ್ಲಿ ಹೇಳೋದಾದ್ರೆ, ಲೆಕ್ಕ ಸುಲಭ ಆಗ್ಲಿ ಅಂತ ಸಿಲಿಂಡರಿಗೆ 900 ರೂಪಾಯಿ ಅಂತ ಹಿಡಿದ್ರೆ (ನಿಮ್ಮೂರ ದರ ನೀವು ಹಾಕ್ಕೊಳ್ಳಿ) ಗ್ಯಾಸ್ ಕಿಲೋಗೆ 63 ರೂಪಾಯಿ ಚಿಲ್ಲರೆ. ಬಕೆಟ್ ಬಿಸಿನೀರು ಆರೂಕಾಲು ರೂಪಾಯಿಯಿಂದ ನಾಲ್ಕಕ್ಕೆ ಇಳೀತು. ತಿಂಗಳಿಗೆ ನಾಲ್ಕು ಜನಕ್ಕೆ ಸುಮಾರು 280 ರೂಪಾಯಿ ಉಳಿತಾಯ. ಡಿಸೆಂಬರ್ 15ರ ಭಾನುವಾರ ಹೊಸ ಸಿಲಿಂಡರ್ ಹಚ್ಚಿದ್ವಿ. ಎಕ್ಸೆಲ್ ಹೇಳಿತು: ದಿನಕ್ಕೆ 250 ಪ್ಲಸ್ 252, ಒಟ್ಟು 502 ಗ್ರಾಂ, 28 ದಿನ ಬರುತ್ತೆ. ಅಡುಗೆಮನೆ ಗೋಡೆಗೆ ಒಂದು ಚೀಟಿ ಅಂಟಿಸಿದೆ. ಮುಚ್ಚಳ ಹಾಕು, ಆರು ಲೀಟರ್ ಮಾತ್ರ, ಕುದಿ ಬಂದ ಕೂಡ್ಲೇ ಬಂದ್ ಮಾಡು, ಸಂಜೆಗೇ ನೀರು ತುಂಬು. ಕೆಳಗೆ ಕೆಂಪು ಪೆನ್ನಿನಲ್ಲಿ "ಗುರಿ: 28 ದಿನ" ಅಂತ ಬರೆದೆ. ಆಫೀಸಿನ ಚಟ :-) ಹೈದರಾಬಾದಿಗೆ ವಾಪಸ್ ಹೋದೆ.

ಸಿಲಿಂಡರ್ ಮುಗಿದದ್ದು ಜನವರಿ 16ಕ್ಕೆ. 32 ದಿನ!

ನನ್ನ ಸಂಭ್ರಮ ಕೇಳಬೇಡಿ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ, ಆಫೀಸಿನಲ್ಲಿ ಹೇಳಿದೆ, ಪರಿಚಯದ ನಾಲ್ಕು ಮನೆಗೆ ಚೀಟಿಯ ಫೋಟೋ ಕಳಿಸಿದೆ. ಗುರಿಗಿಂತ ನಾಲ್ಕು ದಿನ ಜಾಸ್ತಿ! ಈಗ ಅದನ್ನ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತೆ. ಕೋಡ್ ಬರೆಯೋನಿಗೆ ಒಂದು ಪಾಠ ಮೊದಲ ವರ್ಷವೇ ಗೊತ್ತಿರುತ್ತೆ. ರಿಸಲ್ಟ್ ಕೆಟ್ಟದಾಗಿ ಬಂದ್ರೆ ಹುಡುಕ್ತೀವಿ, ನಿರೀಕ್ಷೆಗಿಂತ ಚೆನ್ನಾಗಿ ಬಂದ್ರೂ ಹುಡುಕಬೇಕು. ಅಲ್ಲೂ ಏನೋ ತಪ್ಪಿರುತ್ತೆ. ನಾನು ಹುಡುಕಲಿಲ್ಲ. ಖುಷಿಪಟ್ಟೆ.

ಹುಡುಕಿದ್ದು ಅಕ್ಕ. ಸಂಕ್ರಾಂತಿಗೆ ಅಂತ ಭಾಲ್ಕಿಯಿಂದ ಬೀದರಕ್ಕೆ ಬಂದು ನಾಲ್ಕು ದಿನ ಇದ್ದಳು. ನನ್ನ ಮೆಸೇಜ್ ನೋಡಿದ ಸಂಜೆಯೇ ಫೋನ್ ಮಾಡಿದಳು. "ಭಾಳ ಶಾಣ್ಯಾ ಆಗೀದಿ. ನಿನ್ನ ಲೆಕ್ಕದಾಗ ಬಕೀಟ್ ಎಷ್ಟು?"

"ನಾಕು."

"ಮನ್ಯಾಗ ಕಾಯ್ತಿರೋದು ಮೂರೇ. ಅವ್ವ ತಿಂಗಳಾತು ತಣ್ಣೀರಾಗ ಜಳಕ ಮಾಡ್ಲಿಕತ್ತಾಳ. ಎಲ್ಲಾರೂ ಏಳೋದ್ರಾಗ ಮುಗಸಿಬಿಡ್ತಾಳ. ಮೊನ್ನಿ ನಾ ನಸುಕಿನ್ಯಾಗ ಎದ್ದಾಗ ಗೊತ್ತಾತು."

ನಾನು ಲ್ಯಾಪ್‌ಟಾಪ್ ತೆಗೆದು ನಾಲ್ಕು ಇದ್ದ ಜಾಗದಲ್ಲಿ ಮೂರು ಹಾಕಿದೆ. 250 ಪ್ಲಸ್ 189, ದಿನಕ್ಕೆ 439 ಗ್ರಾಂ. 14.2 ಕಿಲೋಗೆ 32 ದಿನ. ಸರಿಯಾಗಿ 32. ನಾನು ಊರೆಲ್ಲ ಹೇಳಿಕೊಂಡು ಬಂದ ಆ ನಾಲ್ಕು ದಿನ ಅವ್ವನ ಬಕೆಟ್.

ಅವ್ವನಿಗೆ ಫೋನ್ ಮಾಡಿ ಜಗಳ ತೆಗೆದೆ. ಅವಳು ಸಮಾಧಾನವಾಗೇ ಅಂದಳು: "ನೀ ಗ್ವಾಡಿಗೆ ಇಪ್ಪತ್ತೆಂಟು ಅಂತ ಬರದು ಹೋಗಿದ್ದಿ ತಮ್ಮಾ. ನಡಕ ಮೂರು ದಿನ ಬೀಗರು ಬಂದಿದ್ರು, ಗ್ಯಾಸ್ ಜಾಸ್ತಿ ಆಗ್ತದೇನೋ ಅನ್ನಿಸ್ತು. ಮತ್ತ ನಿಮ್ಮಪ್ಪ ಅಂತಾರ. ನನಗೇನು, ರೂಢಿ ಅದ."

ಈ ಬರಹ ಬರೆಯೋಕೆ ಕಾರಣ ಆ ಮಾತು. ಗ್ಯಾಸ್ ಉಳಿಸಿ, ಕರೆಂಟ್ ಉಳಿಸಿ, ನೀರು ಉಳಿಸಿ ಅಂತ ನಾವು ಹೇಳೋದೆಲ್ಲ ಮನೇಲಿ ಒಬ್ಬರ ಕಿವಿಗೇ ಹೋಗಿ ಬೀಳುತ್ತೆ. ಅವರ ಹತ್ರ ದುಡ್ಡಿಲ್ಲ, ಸೋಲಾರ್ ಹಾಕಿಸೋ ಅಧಿಕಾರ ಇಲ್ಲ, ವೈರಿಂಗ್ ಬದಲಿಸೋ ಅಧಿಕಾರ ಇಲ್ಲ. ಕಡಿಮೆ ಮಾಡು ಅಂದ್ರೆ ಅವರ ಕೈಲಿ ಕಡಿಮೆ ಮಾಡೋಕೆ ಆಗೋದು ಒಂದೇ, ತಮ್ಮ ಪಾಲು. ನನ್ನ ಪ್ರಕಾರ ಅದನ್ನ ಉಳಿತಾಯ ಅನ್ನಬಾರದು. ಪಾತ್ರೆಯಿಂದ ಹೊರಗೆ ಹೋಗ್ತಿದ್ದ ಶಾಖವನ್ನ ತಡೆದ್ರೆ ಅದು ಉಳಿತಾಯ. ಮನೆಯವರೊಬ್ಬರ ಬಿಸಿನೀರು ತಪ್ಪಿದ್ರೆ ಖರ್ಚು ಅಲ್ಲೇ ಇದೆ, ಬೇರೆಯವರ ಮೈಮೇಲೆ ಹೋಯ್ತು ಅಷ್ಟೇ. ಎರಡಕ್ಕೂ ಎಕ್ಸೆಲ್ಲಿನಲ್ಲಿ ಒಂದೇ ಥರದ ಅಂಕಿ ಬರುತ್ತೆ, ಅದೇ ಅಪಾಯ.

ಅವತ್ತಿನಿಂದ ಬೇರೆ ಮನೆಗಳಲ್ಲಿ ಏನು ಮಾಡ್ತಾರೆ ಅಂತ ನೋಡೋಕೆ ಶುರು ಮಾಡಿದೆ. ಮೊದಲು ಭಾಲ್ಕಿಯ ಅಕ್ಕನ ಮನೆ.

ಅಕ್ಕನ ಮನೆ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ, ಗಾಜಿನ ಕೊಳವೆಗಳದ್ದು, ನೂರು ಲೀಟರಿನದ್ದು. ಹಾಕಿಸಿದಾಗ 18 ಸಾವಿರ ಕೊಟ್ಟರಂತೆ. ನಮ್ಮನೆ ಹಳೇ ಲೆಕ್ಕದ ಪ್ರಕಾರ ಚಳಿಗಾಲದ ತಿಂಗಳಿಗೆ 750 ರೂಪಾಯಿ ಗ್ಯಾಸ್ ಬರೀ ಜಳಕಕ್ಕೆ. ಮಳೆಗಾಲ, ಬೇಸಿಗೆ ಎಲ್ಲ ಕಳೆದರೂ ನಾಲ್ಕೈದು ವರ್ಷದಲ್ಲಿ ಆ ದುಡ್ಡು ವಾಪಸ್ ಬರುತ್ತೆ, ಆಮೇಲೆ ಬಿಸಿಲು ಪುಕ್ಕಟೆ. ಒಂದೇ ತಕರಾರು, ಬೆಳಿಗ್ಗೆ ನಲ್ಲಿ ತಿರುವಿದರೆ ಮೊದಲು ತಣ್ಣೀರು ಬರುತ್ತೆ. ಅದು ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು. ಮುಕ್ಕಾಲು ಇಂಚಿನ ಪೈಪ್ ಇಪ್ಪತ್ತು ಮೀಟರ್ ಇದ್ರೆ ಅದರಲ್ಲಿ ಐದಾರು ಲೀಟರ್ ಹಿಡಿಯುತ್ತೆ. ಅಕ್ಕ ಅದನ್ನ ಕೊಡಕ್ಕೆ ಹಿಡಿದು ಪಾತ್ರೆ ತೊಳೆಯೋಕೆ ಇಟ್ಟುಕೊಳ್ತಾಳೆ.

ಅವಳ ಅಡುಗೆಮನೇಲಿ ಕರೆಂಟಿನ ಕೆಟಲ್ ಇದೆ. "ಗ್ಯಾಸಿಗಿಂತ ಅಗ್ಗ ಅಲ್ಲೇನು?" ಅಂತ ಕೇಳಿದಳು. ಲೆಕ್ಕ ಹಾಕಿದೆ. ಒಂದು ಲೀಟರ್ ಕುದಿಸೋಕೆ ಕೆಟಲ್ಲಿಗೆ ಸುಮಾರು 0.1 ಯೂನಿಟ್. ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದ್ರೆ 70 ಪೈಸೆ. ಮುಚ್ಚಳ ಹಾಕಿ ಗ್ಯಾಸಿನಲ್ಲಿ ಕಾಸಿದ್ರೆ 73 ಪೈಸೆ. ಮುಚ್ಚಳ ಇಲ್ಲದೆ, ಜೋರು ಉರಿಯಲ್ಲಿ, 90 ಪೈಸೆಗೂ ಮೇಲೆ. ಅಂದ್ರೆ ಕೆಟಲ್ಲಿಗೂ ಮುಚ್ಚಳಕ್ಕೂ ವ್ಯತ್ಯಾಸ ಮೂರು ಪೈಸೆ! ಸಾವಿರ ರೂಪಾಯಿಯ ಕೆಟಲ್ ಮಾಡೋ ಉಳಿತಾಯವನ್ನ ಮನೇಲಿರೋ ತಟ್ಟೆ ಮಾಡುತ್ತೆ. ಕೆಟಲ್ಲಿನ ನಿಜವಾದ ಗುಣ ಬೇರೆ. ಕುದಿ ಬಂದ ಕೂಡ್ಲೇ ತಾನೇ ಆರಿಕೊಳ್ಳುತ್ತೆ, ಮರೆತು ಹೋದವರನ್ನ ಕಾಯುತ್ತೆ. ಎರಡು ಕಪ್ ಚಹಾಕ್ಕೆ ಒಂದೂವರೆ ಲೀಟರ್ ತುಂಬಿದ್ರೆ ಮಾತ್ರ ಅದರಿಂದಲೂ ಉಪಯೋಗ ಇಲ್ಲ.

"ಕರೆಂಟ್ ಫ್ರೀ ಅದ ಅಲ್ಲ" ಅನ್ನೋದು ಈಗ ನಮ್ಮ ಕಡೆ ಎಲ್ಲರ ಮಾತು. 2023ರ ಜುಲೈನಿಂದ ಗೃಹಜ್ಯೋತಿ ಬಂದಿದೆ, 200 ಯೂನಿಟ್ ತನಕ. ಆದ್ರೆ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ನೀವು ಸುಡ್ತಿದ್ದ ಸರಾಸರಿ, ಅದರ ಮೇಲೆ ಸ್ವಲ್ಪ, ಅಷ್ಟು ಮಾತ್ರ ಪುಕ್ಕಟೆ. ಅದನ್ನ ದಾಟಿದ ಯೂನಿಟ್ಟಿಗೆ ದುಡ್ಡು ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್. ನೀರು ಕಾಸೋ ರಾಡ್ ಒಂದು ಬಕೆಟ್ಟಿಗೆ ಅರ್ಧ ಯೂನಿಟ್ ತಿನ್ನುತ್ತೆ. ನಾಲ್ಕು ಬಕೆಟ್ಟಿಗೆ ಎರಡು, ತಿಂಗಳಿಗೆ 60. ಮೊದಲು 70 ಯೂನಿಟ್ ಸುಡ್ತಿದ್ದ ಮನೆ ಈಗ 130 ಸುಟ್ಟರೆ ಜೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ಬರಲ್ಲ. ಹಾಗಂತ ನಷ್ಟವೂ ಅಲ್ಲ. ಬಕೆಟ್ಟಿಗೆ ಮೂರೂವರೆ ರೂಪಾಯಿ, ಗ್ಯಾಸಿಗಿಂತ ಸ್ವಲ್ಪ ಕಡಿಮೆಯೇ. ಕುದಿಯೋ ಬೋಗುಣಿ ಎತ್ತಿಕೊಂಡು ನಡೆಯೋದೂ ತಪ್ಪುತ್ತೆ. ಫ್ರೀ ಅಂತ ಅಲ್ಲ, ಆ ಕಾರಣಕ್ಕೆ ನನಗೆ ರಾಡ್ ಇಷ್ಟ ಆಯ್ತು.

ಆದ್ರೆ ರಾಡ್ ಬಗ್ಗೆ ಒಂದು ಮಾತು ಹೇಳದೇ ಇದ್ರೆ ತಪ್ಪಾಗುತ್ತೆ. ಇದರಿಂದ ಜನ ಸಾಯ್ತಾರೆ. ಸ್ವಿಚ್ ಹಾಕಿದಾಗಲೇ ಬೆರಳು ಅದ್ದಿ ನೀರು ಬಿಸಿ ಆಯ್ತಾ ಅಂತ ನೋಡೋದು ಎಲ್ಲಾ ಮನೇಲೂ ಇರೋ ಅಭ್ಯಾಸ. ಸ್ವಿಚ್ ಬಂದ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕೈ. ಪ್ಲಾಸ್ಟಿಕ್ ಬಕೆಟ್, ಕಬ್ಬಿಣದ್ದಲ್ಲ. ಐಎಸ್ 368 ಗುರುತಿನ ರಾಡ್, ಮೂರು ಪಿನ್ ಪ್ಲಗ್, ಅರ್ಥಿಂಗ್ ಇರೋ ದೊಡ್ಡ ಸಾಕೆಟ್, ಮತ್ತೆ ಕರೆಂಟ್ ಸೋರಿದ ಕೂಡ್ಲೇ ಲೈನ್ ಕಡಿಯೋ ಆರ್‌ಸಿಸಿಬಿ. ಇವು ಇಲ್ಲದಿದ್ರೆ ಮೂರೂವರೆ ರೂಪಾಯಿಗೆ ಆಸೆ ಬೀಳಬೇಡಿ, ದಯವಿಟ್ಟು. ಬೋರ್ ನೀರಾದ್ರೆ ರಾಡ್ ಮೇಲೆ ಬಿಳೀ ಪೊರೆ ಕಟ್ಟುತ್ತೆ. ಅದರಿಂದ ಯೂನಿಟ್ ಏನೂ ಜಾಸ್ತಿ ಆಗಲ್ಲ, ಆದ್ರೆ ಒಳಗಿನ ತಂತಿ ಕಾದು ಕಾದು ಬೇಗ ಸುಟ್ಟು ಹೋಗುತ್ತೆ. ಆಗಾಗ ಕೆರೆದು ತೆಗೀಬೇಕು.

ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ರಾಡ್ ನೂರಕ್ಕೆ ನೂರು ಶಾಖ ನೀರಿಗೇ ಕೊಡುತ್ತೆ, ನಿಜ. ಆದ್ರೆ ಬೆಳಿಗ್ಗೆ ಆರಕ್ಕೆ ಪಾವಗಡದ ಸೋಲಾರ್ ಪಾರ್ಕ್ ಇನ್ನೂ ಎದ್ದಿರಲ್ಲ. ಆ ಹೊತ್ತಿನ ಕರೆಂಟಿನಲ್ಲಿ ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರಗಳ ಪಾಲು ದೊಡ್ಡದು. ಅಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಕರೆಂಟ್ ಆಗುತ್ತೆ. ಶಾಖ ಸುಟ್ಟು ಕರೆಂಟ್ ಮಾಡಿ, ಕರೆಂಟಿನಿಂದ ಮತ್ತೆ ಶಾಖ! ಅದಕ್ಕೇ ನೀರು ಕಾಸೋಕೆ ಮೊದಲ ಆಯ್ಕೆ ಯಾವಾಗಲೂ ಬಿಸಿಲು.

ಭಾಲ್ಕಿಯಿಂದ ಔರಾದ ತಾಲೂಕಿನ ನಮ್ಮ ಕಾಕಾನ ಊರಿಗೆ ಹೋದೆ. ತೊಗರಿ ರಾಶಿ ಮುಗಿದಿತ್ತು, ಮನೆ ಹಿಂದೆ ತೊಗರಿ ಕಟ್ಟಿಗೆ ಬಣವಿ. ಕಾಕು ಬಚ್ಚಲ ಹೊರಗೆ ಮೂರು ಕಲ್ಲಿಟ್ಟು ಅದರಲ್ಲೇ ನೀರು ಕಾಸ್ತಾಳೆ. ಮನೇಲಿ ಉಜ್ವಲ ಗ್ಯಾಸ್ ಇದೆ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾದ ಯೋಜನೆ ಔರಾದದ ಹಳ್ಳಿಗೂ ಮುಟ್ಟಿದೆ, 2023ರ ಅಕ್ಟೋಬರಿನಲ್ಲಿ ಸಬ್ಸಿಡಿಯನ್ನ ಸಿಲಿಂಡರಿಗೆ 300 ರೂಪಾಯಿಗೆ ಏರಿಸಿದ್ರು. ಆದ್ರೂ ಆ ಗ್ಯಾಸ್ ಬೀಗರು ಬಂದಾಗ ಚಹಾಕ್ಕೆ ಮಾತ್ರ. "ಹೊಲದಾಗ ಕಟಗಿ ಬಿದ್ದಿರಬೇಕಾದ್ರ ಗ್ಯಾಸ್ ಯಾಕ ಸುಡಬೇಕು" ಅಂತಾಳೆ ಕಾಕು. ದುಡ್ಡಿನ ಲೆಕ್ಕದಲ್ಲಿ ಅವಳು ಗೆದ್ದಳು. ಬಕೆಟ್ಟಿಗೆ ಖರ್ಚು ಸೊನ್ನೆ.

ಆದ್ರೆ ಅಲ್ಲಿ ಅರ್ಧ ಗಂಟೆ ಕೂತರೆ ಸೊನ್ನೆ ಅಲ್ಲ ಅಂತ ಗೊತ್ತಾಗುತ್ತೆ. ಕಣ್ಣಲ್ಲಿ ನೀರು, ಕೆಮ್ಮು. ಮೂರು ಕಲ್ಲಿನ ಒಲೆಯಲ್ಲಿ ನೂರರಲ್ಲಿ ಹತ್ತು ಹದಿನೈದು ಪಾಲು ಶಾಖ ನೀರಿಗೆ ಹೋದ್ರೆ ಹೆಚ್ಚು. ಒಂದು ಬಕೆಟ್ಟಿಗೆ ಹೆಚ್ಚೂಕಡಿಮೆ ಒಂದು ಕಿಲೋ ಕಟ್ಟಿಗೆ. ಅದನ್ನ ಕಡಿದು, ಹೊತ್ತು, ಒಟ್ಟಿ, ಊದಿ ಉರಿಸೋ ಕೆಲಸದ ಕೂಲಿ ಯಾರೂ ಹಿಡಿಯಲ್ಲ. ಈ ಸಮಸ್ಯೆಗೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೇ ಉತ್ತರ ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಕಟ್ಟಿದ್ರು. ಕುಣಿಗಲ್ ತಾಲೂಕಿನ ಉಂಗ್ರ ಅನ್ನೋ ಹಳ್ಳಿಯಲ್ಲಿ ಅವರ ಪ್ರಯೋಗ. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಇಡೋ, ಒಳಗೆ ಜಾಲರಿ ಇರೋ, ಹೊಗೆ ಹೊರಗೆ ಹೋಗೋಕೆ ಕೊಳವೆ ಇರೋ ಒಲೆ. ಒಲೆ ಊದೋ ಹೆಂಗಸಿನ ಶ್ರಮ, ಹೊಗೆ ಎಲ್ಲಾನೂ 'ಶಕ್ತಿ'ಯ ಲೆಕ್ಕಕ್ಕೆ ಸೇರಿಸಿದ್ದು ಅವರ ದೊಡ್ಡತನ. ನಾನು ಎಕ್ಸೆಲ್ಲಿನಲ್ಲಿ ಬಿಟ್ಟ ಕಾಲಂ ಅದೇ.

ಕಾಕುಗೆ ಹೇಳಿದೆ, ಒಲೆಗೆ ಸುತ್ತ ಮಣ್ಣಿನ ಗೋಡೆ, ಕೆಳಗೆ ಜಾಲರಿ, ಮೇಲೆ ಹೊಗೆಕೊಳವೆ ಹಾಕಿಸೋಣ, ಹಂಡೆಗೆ ಮುಚ್ಚಳ ಮಾಡಿಸೋಣ ಅಂತ. ಅವಳು ಕಾಕಾನ ಮುಖ ನೋಡಿದಳು. ಕಾಕಾ ನನ್ನ ಮುಖ ನೋಡಿದ. ಕೊನೆಗೆ ದುಡ್ಡು ನಾನು ಕೊಡ್ತೀನಿ ಅಂದ ಮೇಲೆ ಗೌಂಡಿಯನ್ನ ಕರೆಸಿದ್ರು. ಕಾಕುನ ಹೊಗೆಗೆ ಮದ್ದು ಇರಲಿಲ್ಲ ಅಂತಲ್ಲ. ಅದನ್ನ ಖರ್ಚು ಅಂತ ಯಾರೂ ಹಿಡಿದಿರಲಿಲ್ಲ ಅಷ್ಟೇ.

ನನ್ನ ಅಭಿಪ್ರಾಯ ಇಷ್ಟು. ಮುಚ್ಚಳ ಹಾಕಿ, ಬೇಕಾದಷ್ಟೇ ನೀರು ಕಾಸಿ, ಕುದಿ ಬಂದ ಕೂಡ್ಲೇ ಆರಿಸಿ, ಸಂಜೆಯೇ ನೀರು ತುಂಬಿಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಉಳೀತದೆ, ನಾನೇ ತೂಗಿ ನೋಡಿದ್ದೀನಿ. ಇದನ್ನ ಮನೆಯವರೆಲ್ಲ ಸೇರಿ ಮಾಡಿ, ಅವ್ವನಿಗೆ ಚೀಟಿ ಬರೆದು ಅಂಟಿಸಬೇಡಿ. ಅದಕ್ಕಿಂತ ಹೆಚ್ಚಿನ ಉಳಿತಾಯ ಬೇಕು ಅಂದ್ರೆ ದುಡಿಯೋರು ದುಡ್ಡು ಹಾಕಬೇಕು. ಸೋಲಾರ್, ಇಲ್ಲಾ ಸರಿಯಾದ ವೈರಿಂಗಿನ ರಾಡ್, ಇಲ್ಲಾ ಹೊಗೆಕೊಳವೆ ಇರೋ ಒಲೆ. ನಾವು ತಿಂಗಳಿಗೆ 280 ರೂಪಾಯಿ ಉಳಿಸೋಕೆ ಮನೇಲಿ ಉಪದೇಶ ಮಾಡ್ತೀವಿ, ಅದೇ ವಾರ ಹೈದರಾಬಾದಿನಲ್ಲಿ ಒಂದು ರಾತ್ರಿಯ ಬಿರಿಯಾನಿಗೆ ಅದರ ಎರಡರಷ್ಟು ಕೊಟ್ಟು ಬರ್ತೀವಿ. ನನ್ನನ್ನೂ ಸೇರಿಸಿ ಹೇಳ್ತಿದ್ದೀನಿ.

ಬೀದರದ ಮನೆಗೆ ಆ ಫೆಬ್ರವರಿಯಲ್ಲೇ ಅರ್ಥಿಂಗ್ ಸರಿ ಮಾಡಿಸಿ, ಆರ್‌ಸಿಸಿಬಿ ಹಾಕಿಸಿ, ಬಚ್ಚಲಿಗೆ ರಾಡ್ ಬಂತು. ದೀಪಾವಳಿ ಬೋನಸ್ ಬಂದ ಮೇಲೆ ಮೇಲೆ ಸೋಲಾರ್ ಕೂತಿತು. ಗೋಡೆಯ ಚೀಟಿ ನಾನೇ ಕಿತ್ತೆ. ಅಪ್ಪ ಒಂದು ದಿನ ಸಿಲಿಂಡರ್ ಎಷ್ಟು ದಿನ ಬಂತು ಅಂತ ಕೇಳಿದ್ರಂತೆ, ಅವ್ವ "ನೆನಪಿಲ್ಲ" ಅಂದಳಂತೆ. ಅಕ್ಕ ಫೋನಿನಲ್ಲಿ ಹೇಳಿ ನಕ್ಕಳು. ಈಗ ಮನೇಲಿ ಒಂದೇ ನಿಯಮ, ಮೊದಲ ಬಕೆಟ್ ಅವ್ವಂದು. ಆದ್ರೂ ಊರಿಗೆ ಹೋದಾಗೆಲ್ಲ ನಾನು ನಸುಕಿನಲ್ಲಿ ಎದ್ದು ಬಚ್ಚಲಲ್ಲಿ ಹಬೆ ಇದೆಯಾ ಅಂತ ನೋಡ್ತೀನಿ. ಪೂರ್ತಿ ನಂಬಿಕೆ ಇನ್ನೂ ಬಂದಿಲ್ಲ.

ನಿಮ್ಮನೇಲಿ ಸಿಲಿಂಡರ್ ಎಷ್ಟು ದಿನ ಬರುತ್ತೆ? ತುಂಬಾ ದಿನ ಬಂದ್ರೆ, ಖುಷಿಪಡೋ ಮುಂಚೆ ಮನೇಲಿ ಎಷ್ಟು ಬಕೆಟ್ ನೀರು ಕಾಯ್ತಿದೆ ಅಂತ ಒಮ್ಮೆ ಎಣಿಸಿ ನೋಡಿ.